ಬಲಗಡೆಯ ಬ್ರೇಕು

ಭಾವ ಆ ಕತೆಯನ್ನು ಮತ್ತೆ ತೆಗೆದ. ಊಟದ ಮೇಜಿನಲ್ಲಿ, ವಿಮಾನ ಹಾರಿಸಲು ಕಲಿಯಲು ಬಂದ ಹೊಸಬರ ಮುಂದೆ, ಅಕ್ಕನ ಮುಂದೆ.

"ಪೈಲಟ್ ಪರೀಕ್ಷೆ ದಿನ ನಮ್ಮ ಬಾಮೈದ ಇಳಿಸಿದ ನೋಡಿ! ಚಕ್ರ ನೆಲ ಮುಟ್ಟಿದ್ದೇ ತಡ, ಅಡ್ಡಡ್ಡ ಓಡೋಕೆ ಶುರು. ಸೀದಾ ಬೇಲಿಗೆ! ಗಾಳಿ ಯಾವ ಕಡೆಗಿದೆ ಅಂತ ಒಂದ್ಸಲ ತಲೆ ಎತ್ತಿ ನೋಡಿದ್ರೆ ಪೈಲಟ್ ಆಗ್ತಿದ್ದ. ನೋಡ್ಲಿಲ್ಲ, ಏಡಿ ಆದ. ಅಲ್ವೇನೋ ಏಡಿ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಏಡಿ ಅನ್ನಿಸಿಕೊಂಡ ಅವನೂ ಹಲ್ಲು ಕಿರಿದ.

ಕೈ ತೊಳೆಯುವಷ್ಟರಲ್ಲಿ ತೀರ್ಮಾನವಾಗಿತ್ತು. ಭಾವನೂ ಅಡ್ಡಡ್ಡ ಓಡಬೇಕು. ಒಂದೇ ಸಲ.

ಪೈಲಟ್ ಆಗಲಾರದೆ ಅಲ್ಲೇ ಮೆಕ್ಯಾನಿಕ್ ಆದವನಿಗೆ ಇದೇನು ಮಹಾ? ಆ ಪುಟ್ಟ ವಿಮಾನದ ಎರಡು ಚಕ್ರಕ್ಕೂ ಬೇರೆ ಬೇರೆ ಬ್ರೇಕು. ಬಲಗಡೆಯದರ ಎಣ್ಣೆ ಕೊಳವೆಯ ನಟ್ಟು ಚೂರು ಸಡಿಲಿಸಿದರೆ ಸಾಕು. ಹೊರಡುವಾಗ ಎಲ್ಲ ಸರಿ, ಹಾರುತ್ತ ಹಾರುತ್ತ ಎಣ್ಣೆ ತೊಟ್ಟಿಕ್ಕಿ ಖಾಲಿ. ಇಳಿದು ಬ್ರೇಕು ಒತ್ತಿದಾಗ ಎಡ ಚಕ್ರವೊಂದೇ ಹಿಡಿಯುತ್ತದೆ, ಮೂತಿ ರಪ್ಪನೆ ಎಡಕ್ಕೆ ತಿರುಗುತ್ತದೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಸಂಜೆ ಇಲ್ಲಿ ಗಾಳಿ ಬೀಸುವುದು ಕೆರೆಯ ಕಡೆಯಿಂದ, ಹಾಗಾಗಿ ಭಾವ ಬರುವುದು ಗುಡ್ಡದ ಕಡೆಯಿಂದ. ಆಗ ಅವನ ಎಡಕ್ಕೆ ಕಲ್ಲು ಕಟ್ಟಿದ ಆಳದ ಚರಂಡಿ, ಬಲಕ್ಕೆ ರಿಪೇರಿ ಶೆಡ್ಡು. ಶೆಡ್ಡಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿದ್ದು, ಮೊದಲು ಓಡಿಹೋಗಿ, ಗಲಾಟೆಯಲ್ಲಿ ನಟ್ಟು ಬಿಗಿ ಮಾಡಿದರೆ ಮುಗಿಯಿತು. ಅಷ್ಟು ದೊಡ್ಡ ಪೈಲಟ್ಟೂ ಏಡಿಯಾದ ಅನ್ನುತ್ತಾರೆ. ಅಕ್ಕ ಅಳುತ್ತಾಳೆ. ಅಳಲಿ, ನಕ್ಕವಳಲ್ಲವೇ.

ಮರುದಿನ ಮಧ್ಯಾಹ್ನ ನಟ್ಟು ಸಡಿಲಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಭಾವ ಬಂದ.

"ಆ ಕಂಬದ ಮೇಲಿನ ಗಾಳಿಚೀಲ ಹರಿದು ಚಿಂದಿಯಾಗಿದೆ, ಹೊಸದು ಕಟ್ಟೋ. ಗಾಳಿ ಯಾವ ಕಡೆಗಿದೆ ಅಂತ ನಿಂಗೆ ಬೇಡ್ದಿದ್ರೂ ನಮಗೆ ಬೇಕು."

"ಆಯ್ತು ಭಾವ."

ವಿಮಾನ ಹೋದ ಮೇಲೆ ಕಂಬ ಹತ್ತಿ, ಕಿತ್ತಳೆ ಬಣ್ಣದ ಹೊಸ ಬಟ್ಟೆಚೀಲವನ್ನು ಅಚ್ಚುಕಟ್ಟಾಗಿ ಕಟ್ಟಿ ಇಳಿದ. ಇವತ್ತು ತನ್ನ ಕೆಲಸದಲ್ಲಿ ಯಾರೂ ಕೊಂಕು ತೆಗೆಯಬಾರದು.

ಸಂಜೆ ಕ್ಯಾಂಟೀನಿನ ಮೆಟ್ಟಿಲಿನಿಂದ ಅಕ್ಕ ಕೂಗಿದಳು. "ತಮ್ಮಾ, ನಿಮ್ ಭಾವ ಬಂದ್ರು ನೋಡೋ!"

ಅವನು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ, ಜೇಬಿನಲ್ಲಿ ಸ್ಪ್ಯಾನರ್. ಬೆನ್ನ ಹಿಂದೆ ಪೆಟ್ರೋಲ್ ಡ್ರಮ್ಮುಗಳು. ವಿಮಾನ ಗುಡ್ಡ ದಾಟಿ ಬಂತು, ಕಂಬದ ಮೇಲೆ ಒಂದು ಸುತ್ತು ಹಾಕಿತು, ಇಳಿಯದೆ ಕೆರೆಯತ್ತ ಹೋಯಿತು. ಶೋಕಿ, ಅಂದುಕೊಂಡ. ಹಾರು, ಕೊನೆಯ ಸಲ ಹಾರು.

ಕೆರೆಯ ಕಡೆಯಿಂದ ತಿರುಗಿ ಬಂದ ವಿಮಾನ ಹೂವಿನಂತೆ ನೆಲ ಮುಟ್ಟಿತು, ಓಡಿತು, ಮೂತಿ ರಪ್ಪನೆ ಎಡಕ್ಕೆ ತಿರುಗಿತು. ಆ ಎಡಕ್ಕೆ ಚರಂಡಿ ಇರಲಿಲ್ಲ, ಶೆಡ್ಡಿತ್ತು. ಗಿರಗಿರನೆ ಸುತ್ತುವ ಫ್ಯಾನು ನೇರ ಅವನ ಕಡೆಗೇ ಬರುತ್ತಿತ್ತು. ಅದರ ಮೇಲುಗಡೆ ಕಂಬದ ತುದಿಯಲ್ಲಿ, ಅವನೇ ಕಟ್ಟಿದ ಕಿತ್ತಳೆ ಚೀಲ ಗುಡ್ಡದ ಕಡೆಯಿಂದ ಬೀಸುವ ಗಾಳಿ ತುಂಬಿಕೊಂಡು ಕೆರೆಯತ್ತ ನೆಟ್ಟಗೆ ಚಾಚಿತ್ತು. ಕಟ್ಟಿದಾಗಿನಿಂದ ಹಾಗೇ ಚಾಚಿತ್ತು. ಅವನು ತಲೆ ಎತ್ತಿ ನೋಡಿದ್ದು ಈಗ.