ಅರವತ್ತನೆಯ ಓದುಗ

ಸಂಯುಕ್ತಾ ಲ್ಯಾಪ್‌ಟಾಪನ್ನು ಕುಶಲ್‌ನತ್ತ ತಿರುಗಿಸಿದಾಗ ಅವನು ಗ್ರಾಫನ್ನು ನೋಡಲಿಲ್ಲ. ಪರದೆಯ ಬೆಳಕು ಬಿದ್ದ ಅವಳ ಕೆನ್ನೆಯನ್ನು ನೋಡಿದ.

"ಗ್ರಾಫು ಇಲ್ಲಿದೆ ಕಣೋ," ಎಂದಳು ಅವಳು.

ಸನ್ನಿವೇಲ್‌ನಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದ ಪುಟ್ಟ ಕಂಪನಿ ಸಾಕರ್ ಅಭಿಮಾನಿಗಳಿಗಾಗಿ ಆ್ಯಪ್ ಒಂದನ್ನು ಸಿದ್ಧಪಡಿಸುತ್ತಿತ್ತು. ಒಂದೇ ವರ್ಷ ಒಂದೇ ಕ್ಲಬ್ಬಿಗೆ ಸೇರಿದ ಐವರು ಆಟಗಾರ ಹುಡುಗರ ಬಗ್ಗೆ ಸಂಯುಕ್ತಾ ಬರೆಯುತ್ತಿದ್ದಳು. ಹೆಸರಿನ ಬದಲು ಬರೀ ನಂಬರ್ ಇದ್ದ ಅರವತ್ತು ಮಂದಿ ಅದನ್ನು ಓದಿ ಪರೀಕ್ಷಿಸುತ್ತಿದ್ದರು. ಜಪಾನಿನ ಕಿರಿಹಾರ ಉಳಿದ ನಾಲ್ವರಿಗಿಂತ ಎರಡು ಪಟ್ಟು ಜನಪ್ರಿಯನೆಂದು ಸಾಬೀತಾದರೆ ಅವನ ಬಗ್ಗೆ ಇನ್ನಷ್ಟು ಬರೆಯಲು ಅವಳಿಗೆ ಆರು ತಿಂಗಳು ಜಪಾನಿನ ಒಸಾಕಾದಲ್ಲಿ ಕೆಲಸ. ಅಂಕಿಅಂಶ ಪರಿಶೀಲಿಸುವುದು ಕುಶಲ್‌ನ ಪಾಲು. ಮೀಟಿಂಗು ನಾಲ್ಕಕ್ಕೆ.

ಕಿರಿಹಾರನ ಪುಟವನ್ನು ಒಬ್ಬೊಬ್ಬರು ಸರಾಸರಿ 4.6 ಸಲ ತೆರೆದಿದ್ದರು. ಉಳಿದವರದು ಎರಡರ ಆಸುಪಾಸು.

ಒಂದು ವಾರದಿಂದ ಕುಶಲ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟ್ರೇನಿನಲ್ಲೂ ನಿಂತೇ ಬರುತ್ತಿದ್ದ.

"ಈ ಅರವತ್ತನೇ ನಂಬರ್ ನೋಡು," ಅವಳು ನಕ್ಕಳು. "ಮೂವತ್ತೈದು ಸಲ ಓಪನ್ ಮಾಡಿದಾನೆ. ಎಂಥಾ ಫ್ಯಾನು!"

"ಫ್ಯಾನ್ ಅಲ್ಲ ಮಾರಾಯ್ತಿ. ಅವನಿಗೆ ಸಾಕರಿನ ಆಫ್‌ಸೈಡ್ ರೂಲ್ ಅಂದ್ರೆ ಎಂತ ಅಂತ ಗೊತ್ತಿಲ್ಲ."

"ನಿಂಗೆ ಹೇಗೆ ಗೊತ್ತು?"

"ಅದು ನಾನೇ."

ಅವಳ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಯಾಕೆಂದು ಕೇಳಿದಳು. ಅವನು ಅವಳದೇ ಒಂದು ಸಾಲು ಹೇಳಿದ: ಗೋಲು ಹೊಡೆದ ಮೇಲೆ ಕಿರಿಹಾರ ಮೊದಲು ಹುಡುಕುವುದು ಪಾಸ್ ಕೊಟ್ಟವನನ್ನು. ಅದನ್ನು ಗಮನಿಸಿದ ಅವಳ ಕಣ್ಣಿಗಾಗಿಯೇ ಅವನು ಆ ಪುಟವನ್ನು ಮತ್ತೆ ಮತ್ತೆ ಓದಿದ್ದ.

"ಇವತ್ತೇ ಯಾಕೆ ಹೇಳ್ತಿದೀಯ? ಮೀಟಿಂಗಿಗೆ ಇನ್ನು ಮುಕ್ಕಾಲು ಗಂಟೆ ಇದೆ ಅಷ್ಟೆ."

"ನೀನು ಹೋಗಬಾರದು ಅಂತ ನನಗೆ ಆಸೆ ಉಂಟು. ಹಾಗಾಗಿ, ಹೇಳಿದ್ರೆ ನಿನ್ನನ್ನು ತಡೆದ ಹಾಗೆ ಆಗ್ತದಾ ಅಂತ ಹೆದರಿಕೆ. ಹೇಳದಿದ್ರೆ ನಾಳೆ ಯಾರಾದ್ರೂ ಅದು ನಾನು ಅಂತ ಹುಡುಕಿ ನಿನ್ನ ರಿಪೋರ್ಟೇ ಸುಳ್ಳು ಅಂತಾರೆ."

ಅವಳು ಪಟ್ಟಿಯಿಂದ ಅರವತ್ತನೇ ನಂಬರಿನ ಸಾಲನ್ನು ಅಳಿಸಿದಳು. ಲೆಕ್ಕ ಮರಳಿ ಓಡಿತು. ಇಬ್ಬರೂ ಪರದೆಗೆ ಬಾಗಿದರು. ಅವಳ ಕೂದಲು ಅವನ ಭುಜಕ್ಕೆ ತಾಗಿತು.

4.1. ಈಗಲೂ ಎರಡು ಪಟ್ಟು.

ಅವಳು ಹೋಗುತ್ತಾಳೆ. ಕುಶಲ್‌ಗೆ ಮನಸ್ಸು ಹಗುರಾಯಿತು, ಅದೇ ಗಳಿಗೆಯಲ್ಲಿ ಆರು ತಿಂಗಳು ಬಹಳ ಉದ್ದವೆನಿಸಿತು.

"ಅಲ್ಲಿಂದಲೂ ಬರೀತೀನಿ," ಎಂದಳು ಸಂಯುಕ್ತಾ, ಅವನನ್ನು ನೋಡದೆ. "ನೀನು ಒಂದೇ ಸಲ ಓದ್ಬೇಕು."

"ಮತ್ತೆ ಓದಬೇಕು ಅಂತ ಆದ್ರೆ?"

"ಫೋನ್ ಮಾಡು. ನಾನೇ ಓದಿ ಹೇಳ್ತೀನಿ." ಈಗ ನೋಡಿದಳು. "ಎಷ್ಟು ಸಲ ಬೇಕಾದ್ರೂ."

ಮೀಟಿಂಗಿಗೆ ಇನ್ನೂ ನಲವತ್ತು ನಿಮಿಷವಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಎದ್ದು ಹೋಗಲಿಲ್ಲ.