ತೂಕದ ಪೌಡರ್

ಸ್ನೋ ಬಿಟ್ಟಳು, ಶಾಂಪೂ ಬಿಟ್ಟಳು, ಪರಿಮಳದ ಎಣ್ಣೆಯನ್ನೂ ಬಿಟ್ಟಳು. ಪೌಡರ್ ಬಿಡುವುದು ಮಾತ್ರ ಮಾದೇವಿಯ ಕೈಲಿ ಆಗಲಿಲ್ಲ.

ನವಲಗುಂದದ ಮಹಿಳಾ ಮಂಡಳದಲ್ಲಿ ಅವಳು ಹೊಲಿಗೆ ಕಲಿಸುತ್ತಿದ್ದಳು. ಮಂಡಳದ ಹಳೇ ಮಷೀನಿನ ಮೇಲೆ ಊರವರ ಜಂಪರು ಹೊಲಿದು ಹೊಲಿದು, ತನ್ನದೇ ಆದ ಒಂದು ಮಷೀನು ಬೇಕೆಂಬ ಹುಚ್ಚು ಹತ್ತಿತ್ತು. ಸಂಬಳ ಸಣ್ಣದು. ಮನೆಯಲ್ಲಿ ಅವಳು, ತಾಯಿ ಸಣ್ಣವ್ವ, ಇಬ್ಬರೇ. ಹೊಟ್ಟೆಗೆ ಹಾಕುವುದರಲ್ಲಿ ಉಳಿಸುವಂಥದ್ದು ಏನೂ ಇರಲಿಲ್ಲ, ಹಾಗಾಗಿ ಮುಖಕ್ಕೂ ತಲೆಗೂ ಹಾಕುವುದರಲ್ಲಿ ಉಳಿಸಲು ಹೊರಟಳು. ಸ್ನೋ ಬದಲು ಹಾಲಿನ ಕೆನೆ, ಸೋಪಿನ ಬದಲು ಕಡಲೆ ಹಿಟ್ಟು, ಶಾಂಪೂ ಬದಲು ನೆನೆಹಾಕಿದ ಅಂಟವಾಳಕಾಯಿ. ಔಡಲ ಎಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಹಿಡಿದು ಕಾಡಿಗೆಯನ್ನೂ ತಾನೇ ಮಾಡಿಕೊಂಡಳು.

ಆದರೆ ಆ ವರ್ಷದ ಬೇಸಿಗೆ ಬೇರೆಯೇ ಇತ್ತು. ಹತ್ತು ಗಂಟೆಗೆಲ್ಲ ಕುತ್ತಿಗೆಯ ಸುತ್ತ ಬೆವರು ಇಳಿಯುತ್ತಿತ್ತು. ಅದು ಮಂದಿಗೆ ಹೇಳುವ ಕಾರಣ. ಯಾರಿಗೂ ಹೇಳದ ಕಾರಣ ಇನ್ನೊಂದಿತ್ತು. ಪೌಡರನ್ನೂ ಬಿಟ್ಟರೆ ಅಂದಾನೆಪ್ಪನ ಅಂಗಡಿಗೆ ಹೋಗಲು ಅವಳಿಗೆ ಬೇರೆ ನೆಪ ಉಳಿಯುತ್ತಿರಲಿಲ್ಲ.

ಅಂದಾನೆಪ್ಪ ಬಸ್ ಸ್ಟ್ಯಾಂಡಿನ ಬಾಜೂಕೆ ಬಳೆ, ರಿಬ್ಬನ್ನು, ಪೌಡರು ಮಾರುವವನು. ತೆಳ್ಳಗಿನ ಆಳು, ಮಾತು ಕಡಿಮೆ. ಬಂದ ಹೆಂಗಸರನ್ನೆಲ್ಲ, ಹಲ್ಲು ಬಿದ್ದವರಿಂದ ಹಿಡಿದು ಸ್ಕೂಲ್ ಹುಡುಗಿಯರವರೆಗೆ, "ಅಕ್ಕಾರ" ಅನ್ನುತ್ತಿದ್ದ. ಮಾದೇವಿಯೊಬ್ಬಳನ್ನು ಮಾತ್ರ, ಕಲಿಸುವ ಹೆಂಗಸರಿಗೆ ಊರು ಕೊಡುವ ಮರ್ಯಾದೆಯಂತೆ, "ಬಾಯಾರ" ಅನ್ನುತ್ತಿದ್ದ.

"ಹೊಸಾ ಡಬ್ಬಿ ಬ್ಯಾಡ್ರಿ," ಎಂದು ಅವಳು ತನ್ನ ಖಾಲಿ ಡಬ್ಬಿಯನ್ನು ಮುಂದಿಟ್ಟಳು. "ತೂಕದ ಪೌಡರ ಇದರಾಗ ತುಂಬಿ ಕೊಡ್ರಿ."

ಅವನು ಡಬ್ಬಿ ನೋಡಿದ, ಆಮೇಲೆ ಅವಳನ್ನು ನೋಡಿದ.

"ತೂಕದ್ದಾ? ಅದು ನಿಮಗ..."

"ನನಗ ಏನ್ರಿ?"

"ಏನಿಲ್ರಿ."

ಮೂಲೆಯಲ್ಲಿದ್ದ ದೊಡ್ಡ ತಗಡಿನ ಡಬ್ಬವನ್ನು ಎಳೆದು ಮುಚ್ಚಳ ತೆಗೆದ. ಮಾದೇವಿ ಬಗ್ಗಿ ಮೂಸಿದಳು. ಹೊಸದಾಗಿ ಸುಣ್ಣ ಬಳಿದ ಗೋಡೆಯ ವಾಸನೆ. ಅವಳ ಮೂಗು ತಾನಾಗಿಯೇ ಸೊಟ್ಟಗಾಯಿತು.

"ನಡೀತೈತಿ, ತುಂಬ್ರಿ," ಎಂದಳು, ಅವಸರದಲ್ಲಿ.

ಅಂದಾನೆಪ್ಪನ ಕೈ ಅಲ್ಲೇ ನಿಂತಿತು. "ಇದು ತಳದ ಮಾಲ್ರಿ, ಬಾಯಾರ. ಒಳಗ ಬ್ಯಾರೆ ಐತಿ, ತುಂಬ್ಕೊಂಡ ಬರ್ತೇನಿ," ಎಂದು ಪಡದೆಯ ಹಿಂದೆ ಹೋದ. ಪೌಡರ್ ತುಂಬಲು ಇಷ್ಟು ಹೊತ್ತು ಯಾಕೆ ಬೇಕೋ ಎಂದುಕೊಳ್ಳುತ್ತ ಅವಳು ಗಾಜಿನ ಬಳೆ ಎಣಿಸುತ್ತ ನಿಂತಳು.

ಮನೆಗೆ ಬಂದು ಹಚ್ಚಿಕೊಂಡರೆ ತಂಪು, ನವಿರು, ಹಿತವಾದ ಹೂವಿನ ಪರಿಮಳ. ಇಷ್ಟು ವರ್ಷ ಡಬ್ಬಿಯ ಮೇಲಿನ ಚಿತ್ರಕ್ಕೆ ರೊಕ್ಕ ಸುರಿದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಮುಂದಿನ ಸಲ ಹೋದಾಗ ಅವನೇ ಕೇಳಿದ. "ಹೆಂಗೈತ್ರಿ ತೂಕದ್ದು?"

"ಭಾಳ ಚಲೋ ಐತಿ. ಇಷ್ಟ ದಿನಾ ಬಣ್ಣದ ಡಬ್ಬಿ ತೋರಿಸಿ ನಮಗ ಮೋಸಾ ಮಾಡೀರಿ ನೀವು."

"ಮಾಡೀನ್ರಿ," ಎಂದು ನಗು ನುಂಗಿಕೊಂಡ. ನೋಟ ಅವಳ ಕಿವಿಯ ಹತ್ತಿರ ಬಂದು ನಿಂತಿತು. "ಅಲ್ಲೊಂಚೂರು ಪೌಡರ ಉಳದೈತ್ರಿ."

"ಎಲ್ಲಿ?"

ಅವನು ತನ್ನ ಕಿವಿ ಮುಟ್ಟಿ ತೋರಿಸಿದ. ಅವಳು ಇನ್ನೊಂದು ಕಡೆ ಒರೆಸಿದಳು.

"ಆ ಕಡೆ ಅಲ್ರಿ."

"ಇರ್ಲಿ ಬಿಡ್ರಿ, ಗಾಳಿಗೆ ಹೋಗ್ತೈತಿ," ಎಂದು ಡಬ್ಬಿ ಕಸಿದುಕೊಂಡು ಹೊರಟವಳು ಮನೆ ಮುಟ್ಟುವವರೆಗೂ ಆ ಕಿವಿಯನ್ನು ಮುಟ್ಟಿಕೊಳ್ಳಲಿಲ್ಲ.

ಅವತ್ತಿನಿಂದ ನೆಮ್ಮದಿ ಹೋಯಿತು. ತೋಳು ಉಲ್ಟಾ ಹೊಲಿದಳು. ಒಂದೇ ದಿನ ಎರಡು ಸೂಜಿ ಮುರಿದಳು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ನೂಲು ತರುವ ನೆಪ ಮಾಡಿ ಬಸ್ ಸ್ಟ್ಯಾಂಡಿನ ಕಡೆ ನಡೆದು, ಅಂಗಡಿಯ ಮುಂದೆ ತಲೆ ತಗ್ಗಿಸಿ ದಾಟಿ, ಮುಂದಿನ ಸಂದಿಯಿಂದ ಸುತ್ತು ಹಾಕಿ ವಾಪಸು ಬರುತ್ತಿದ್ದಳು.

ಪಕ್ಕದ ಮನೆಯ ಸುಗರಾಬಿ ಜಮಖಾನೆ ನೇಯುವವಳು. ಎಳೆಗಳ ನಡುವಿನಿಂದಲೇ ಊರನ್ನೆಲ್ಲ ನೋಡುವ ಕಣ್ಣು ಅವಳದು. "ನಮಗೆಲ್ಲಾ ಅಕ್ಕಾರ, ನಿನಗೊಬ್ಬಾಕಿಗೆ ಬಾಯಾರ," ಎಂದಳು ಒಂದು ದಿನ, ಕೈ ನಿಲ್ಲಿಸದೆ. "ನೀ ಅಂವಗ ಅಕ್ಕಾ ಆಗೂದು ಬ್ಯಾಡಾಗೈತಿ ಬೇ."

"ಸುಮ್ಮಕಿರ ಬೇ ನೀ."

"ನಾ ಸುಮ್ಮಕಿರ್ತೇನಿ. ನಿನ್ನ ಕಾಲಿಗೆ ಹೇಳು, ಆ ದಾರಿ ಹಿಡೀಬ್ಯಾಡ ಅಂತ."

ಇಷ್ಟರಲ್ಲಿ ಮಂಡಳದ ಅಧ್ಯಕ್ಷೆ ಮಹಾದೇವಕ್ಕನಿಗೆ ಮಾದೇವಿಯ ಉಳಿತಾಯದ ಸುದ್ದಿ ತಲುಪಿತು. ದೊಡ್ಡ ಕುಂಕುಮದ, ದೊಡ್ಡ ದನಿಯ ಹೆಂಗಸು. "ನಮ್ಮ ಹುಡಿಗ್ಯಾರಿಗೂ ಹೇಳಿ ಕೊಡ," ಎಂದಳು. ಶನಿವಾರದ ಸಭೆಯಲ್ಲಿ ಮಾದೇವಿ ಎದ್ದು ನಿಂತಳು. ಕೆನೆ, ಕಡಲೆ ಹಿಟ್ಟು, ಅಂಟವಾಳ, ಎಲ್ಲ ಹೇಳಿದ ಮೇಲೆ ತನ್ನ ಪೌಡರ್ ಡಬ್ಬಿಯನ್ನು ಮೂವತ್ತು ಹೆಂಗಸರ ಕೈಯಿಂದ ಕೈಗೆ ದಾಟಿಸಿದಳು.

"ಮೂಸಿ ನೋಡ್ರಿ. ಇದು ತೂಕದ್ದು. ಬಣ್ಣದ ಡಬ್ಬಿಗೆ ಯಾಕ ರೊಕ್ಕಾ ಕೊಡ್ತೀರಿ?"

"ಅಯ್ಯ ಯವ್ವಾ, ಹೌದಲ್ಲ!" ಎಂದರು ಹೆಂಗಸರು. ಯಾವತ್ತೂ ಇಷ್ಟು ಮಂದಿ ಕೂಡಿ ಅವಳ ಮಾತನ್ನು ಕೇಳಿರಲಿಲ್ಲ. ಅವಳಿಗೆ ತುಸು ಹೆಮ್ಮೆಯೂ ಆಯಿತು.

ಮರುದಿನದಿಂದಲೇ ಖಾಲಿ ಡಬ್ಬಿಗಳು ಅಂದಾನೆಪ್ಪನ ಅಂಗಡಿಗೆ ಸಾಲು ಹಚ್ಚಿದವು. ಅವನಿಗೆ ದಿಗಿಲಾಯಿತು. "ಅಕ್ಕಾರ, ಇದು ಅಷ್ಟು ಚಲೋ ಇಲ್ರಿ," ಎಂದು ಬಾಯಿಬಿಟ್ಟೇ ಹೇಳಿದ. ನಂಬುವವರು ಯಾರು? ತುಟ್ಟಿ ಡಬ್ಬಿ ಮಾರಲು ಹೂಡಿದ ಆಟ ಎಂದು ಅವರು ತಿಳಿದರು. "ಬಾಯಾರು ಹೇಳ್ಯಾರ, ನೀ ಸುಮ್ಮನ ತುಂಬು," ಎಂದು ಜೋರು ಮಾಡಿ ತುಂಬಿಸಿಕೊಂಡು ಹೋದರು.

ಅದೇ ವಾರ ಮಹಾದೇವಕ್ಕನ ಮಗಳು ತಾಯವ್ವನನ್ನು ನೋಡಲು ಅಣ್ಣಿಗೇರಿಯಿಂದ ಗಂಡಿನ ಕಡೆಯವರು ಬಂದರು. ಸುಡು ಮಧ್ಯಾಹ್ನ, ತಗಡಿನ ಮನೆ. ತಾಯವ್ವ ಅವಲಕ್ಕಿಯ ತಾಟು ಹಿಡಿದು ಬರುವಷ್ಟರಲ್ಲಿ ಹಣೆಯ ಬೆವರಿಗೆ ಪೌಡರ್ ಗಂಟುಗಟ್ಟಿ, ಕೆನ್ನೆಯ ಮೇಲೆ ಪಟ್ಟೆಪಟ್ಟೆಯಾಗಿ ಇಳಿಯಿತು. ಗಂಡಿನ ಅತ್ತೆ ಕಿಸಕ್ಕನೆ ನಕ್ಕು, "ಹುಡುಗಿ ಮಾರಿಗೆ ಸುಣ್ಣಾ ಬಳದೀರೇನ್ರಿ?" ಎಂದಳು. ಅವರು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ.

ಮಹಾದೇವಕ್ಕ ಬುಧವಾರ ಹೊಲಿಗೆ ಕ್ಲಾಸಿಗೇ ಬಂದಳು. ಒಂದು ಅಂಗೈಗೆ ತನ್ನ ಮನೆಯ ಪೌಡರ್ ಸುರಿದಳು, ಇನ್ನೊಂದಕ್ಕೆ ಮಾದೇವಿಯ ಡಬ್ಬಿಯದು. ಎರಡೂ ಅಂಗೈಗಳನ್ನು ಅವಳ ಮೂಗಿನ ಹತ್ತಿರ ತಂದಳು.

"ಒಂದ ಅಂಗಡಿ, ಒಂದ ಡಬ್ಬಾ. ನಿನ್ನ ಮಾರಿಗೆ ಮಲ್ಲಿಗಿ, ನಮ್ಮ ಮಾರಿಗೆ ಸುಣ್ಣಾ! ಅಂವ ನಿನಗ ಏನ ಕೊಡ್ತಾನ, ನಮ್ಮನ್ನೆಲ್ಲಾ ಆ ಅಂಗಡಿಗೆ ಅಟ್ಟಾಕ?"

ಮಾದೇವಿ ಎರಡನ್ನೂ ಇನ್ನೊಮ್ಮೆ ಮೂಸಿದಳು. ಹೊಲಿಯುತ್ತಿದ್ದ ಹುಡುಗಿಯರೆಲ್ಲ ಮಷೀನು ನಿಲ್ಲಿಸಿ ನೋಡುತ್ತಿದ್ದರು.

"ಶನಿವಾರ ಎಲ್ಲಾರ ಮುಂದ ಜವಾಬು ಹೇಳು. ಇಲ್ಲಂದ್ರ ಮಂಡಳಕ್ಕ ಬ್ಯಾರೆ ಬಾಯಾರನ್ನ ನೋಡ್ಕೋತೇವಿ."

ಬಿಸಿಲಲ್ಲಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಅವಳು ಅಂಗಡಿಗೆ ನಡೆದಳು. ಡಬ್ಬಿಯನ್ನು ಗಾಜಿನ ಮೇಲೆ ಕುಕ್ಕಿದಳು.

"ಇದರಾಗ ಇರೂದು ಏನ್ರಿ?"

ಅಂದಾನೆಪ್ಪ ಸುಳ್ಳು ಹೇಳಲಿಲ್ಲ. ಪಡದೆ ಸರಿಸಿದ. ಒಳಗಿನ ಹಲಗೆಯ ಮೇಲೆ ಬಾಯಿ ತೆಗೆದ ತುಟ್ಟಿ ಪೌಡರಿನ ಡಬ್ಬಿಗಳು ಸಾಲಾಗಿ ನಿಂತಿದ್ದವು, ಎಲ್ಲ ಖಾಲಿ.

"ಯಾಕ್ರಿ?"

"ಅವತ್ತ ನಿಮ್ಮ ಮೂಗು ಸೊಟ್ಟಾತ್ರಿ. ಆದರೂ ನೀವು 'ನಡೀತೈತಿ' ಅಂದ್ರಿ." ಅವನು ಕೆಳಗೆ ನೋಡಿದ. "ಅದನ್ನ ನನ್ನ ಕೈಲೆ ನೋಡಾಕ ಆಗಲಿಲ್ರಿ."

"ಸೊಟ್ಟಾದ್ರ ನನ್ನ ಮೂಗು! ಉಳಿಸಾಕತ್ತಿದ್ದು ನಾನು. ಅದರಾಗ ಕೈ ಹಾಕಾಕ ನೀವ್ಯಾರು?" ಅವಳ ದನಿ ಒಡೆಯಿತು. "ಮೂವತ್ತ ಮಂದಿ ಮುಂದ ನಿಂತು ಹೇಳೀನ್ರಿ ನಾನು. ಜೀವನದಾಗ ಮೊದಲನೇ ಸಲ ನನ್ನ ಮಾತು ಕೇಳಿದ್ರು. ನನ್ನನ್ನ ಸುಳ್ಳಿ ಮಾಡಿದ್ರಿ. ಕೊಡಬೇಕು ಅನಸಿದ್ರ ಎದುರಿಗೆ ಕೊಡಬೇಕಿತ್ತು, ಪಡದೆ ಹಿಂದ ಯಾಕ?"

"ಎದುರಿಗೆ ಕೊಟ್ಟಿದ್ರ ತಗೋತಿದ್ರೇನ್ರಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟು ಕುದಿಯುತ್ತಿತ್ತು, ನಿಜ. ಆದರೆ ತನ್ನ ಮೂಗು ಅರೆಕ್ಷಣ ಸೊಟ್ಟಗಾದದ್ದನ್ನು ಒಬ್ಬ ಇಷ್ಟು ದಿನ ನೆನಪಿಟ್ಟುಕೊಂಡಿದ್ದಾನೆ ಎಂಬ ಸಂತೋಷವೂ ಆ ಸಿಟ್ಟಿನೊಳಗೇ ಸೇರಿಕೊಂಡಿತ್ತು. ಆ ಸಂತೋಷದ ಮೇಲೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಶನಿವಾರ ಮಂಡಳಕ್ಕ ಬಂದು ಇದನ್ನ ಹೇಳ್ರಿ."

"ಅಲ್ಲಿ ಗಂಡಸರು ಬರೂದಿಲ್ಲಲ್ರಿ, ಬಾಯಾರ. ಇದನ್ನ ಅಷ್ಟು ಹೆಣ್ಮಕ್ಕಳ ಮುಂದ ಹೇಳಿದ್ರ, ಅವರು ಏನ ತಿಳ್ಕೋತಾರ..."

"ಏನ ತಿಳ್ಕೋತಾರ?"

ಅವನು ಗಾಜಿನ ಮೇಲಿದ್ದ ಅವಳ ಡಬ್ಬಿಯನ್ನು ಅತ್ತಿತ್ತ ಸರಿಸಿದ.

"ಹಂಗಾದ್ರ ಬಿಡ್ರಿ," ಎಂದು ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಗುರುವಾರ ಅವಳು ಅಂಗಡಿಯ ದಾರಿ ತುಳಿಯಲಿಲ್ಲ. ಶುಕ್ರವಾರ ಅಂಗಡಿಗೆ ಬೀಗ. "ಮುಂಜಾನೆ ಹುಬ್ಬಳ್ಳಿ ಬಸ್ ಹತ್ತಿದಾ," ಎಂದು ಸುಗರಾಬಿ ಸುದ್ದಿ ತಂದಳು. ಮಾದೇವಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಎಷ್ಟು ಸಲ ನಡೆದಳೋ ಲೆಕ್ಕವಿಲ್ಲ. ಓಡಿಹೋದನೇ? ಹೋಗಲಿ, ಹೇಡಿ. ಹೀಗೆ ಬೈದುಕೊಂಡ ಮರುಗಳಿಗೆಗೆ ಸಂಜೆಯ ಬಸ್ಸಿನ ಸದ್ದಿಗೆ ಕಿವಿಗೊಟ್ಟಳು. ಕೆಲಸ ಹೋದರೆ ಮಷೀನಿನ ಕನಸೂ ಹೋಯಿತು, ಅದು ಗೊತ್ತಿತ್ತು. ಆದರೆ ಎದೆ ಅಷ್ಟು ಉರಿದದ್ದು ಮಷೀನಿಗಾಗಿ ಅಲ್ಲ.

"ಯಾಕವ್ವಾ, ಕುಂಡರವಲ್ಲಿ?" ಎಂದಳು ಸಣ್ಣವ್ವ.

"ಸೆಕಿ ಬೇ, ಯವ್ವಾ."

ಶನಿವಾರ ಮುಖ ತೊಳೆದು, ಏನೂ ಹಚ್ಚದೆ, ಮಂಡಳಕ್ಕೆ ಹೋದಳು. ಮೂವತ್ತು ಜನರೂ ಬಂದಿದ್ದರು. ಜಗಳ ನೋಡಲು ಇನ್ನೂ ಹತ್ತು ಜನ ಹೆಚ್ಚಾಗಿದ್ದರು. ಮಹಾದೇವಕ್ಕ "ಹೂಂ, ಹೇಳು" ಎಂದಳು. ಮಾದೇವಿ ಎದ್ದು ನಿಂತಳು. ನಿಜ ಹೇಳಿದರೆ ಅವನ ಹೆಸರು ಹೋಗುತ್ತದೆ, ಹೇಳದಿದ್ದರೆ ತನ್ನದು.

"ನಾ ಹೇಳ್ತೇನ್ರಿ."

ಹೊಸ್ತಿಲ ಹೊರಗೆ ಅಂದಾನೆಪ್ಪ ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು, ಹೆಗಲ ಮೇಲೆ ಒಂದು ಚೀಲ. ಹೆಂಗಸರು ಸೆರಗು ಎಳೆದುಕೊಂಡರು.

"ಬಾಯಾರದು ತಪ್ಪಿಲ್ರಿ. ತೂಕದ್ದು ಬೇಕಂತ ಅವರು ಕೇಳಿದ್ರು, ನಾ ಪಡದೆ ಹಿಂದ ಹೋಗಿ ತುಟ್ಟೀದು ತುಂಬಿದೆ. ಅದು ಅವರಿಗೆ ಗೊತ್ತಿರಲಿಲ್ರಿ. ನಿನ್ನಿ ಹುಬ್ಬಳ್ಳಿಯಿಂದ ಚಲೋ ಮಾಲ ತಂದೇನಿ. ಎಲ್ಲಾರೂ ಡಬ್ಬಿ ತರ್ರಿ, ಬದಲಿ ಮಾಡಿ ಕೊಡ್ತೇನಿ. ತಾಯವ್ವನ ಕಡೆ ಕ್ಷಮಾ ಕೇಳ್ತೇನ್ರಿ."

"ಅದಿರ್ಲಿ," ಎಂದಳು ಮಹಾದೇವಕ್ಕ, ಸೊಂಟದ ಮೇಲೆ ಕೈಯಿಟ್ಟು. "ಅಕಿಗೊಬ್ಬಾಕಿಗೇ ಯಾಕ ತುಂಬಿದಿ?"

ಅಂದಾನೆಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನು ಮಹಾದೇವಕ್ಕನನ್ನು ನೋಡಲಿಲ್ಲ, ಮಾದೇವಿಯನ್ನೇ ನೋಡಿದ.

"ನನಗ ಅವರ ಮ್ಯಾಲೆ ಜೀವ ಐತ್ರಿ," ಎಂದ.

ಮೊದಲು ಮಾತಾಡಿದವಳು ತಾಯವ್ವ. "ಯವ್ವಾ, ನನ್ನ ಮಾರಿ ನೋಡಿ ನಕ್ಕ ಮನಿ ಅದು. ಹೋತಂದ್ರ ಚಲೋನ ಆತು, ಬಿಡು," ಎಂದಳು. ಮಹಾದೇವಕ್ಕ ಮಗಳನ್ನು ನೋಡಿದಳು, ಅಂಗಡಿಯವನನ್ನು ನೋಡಿದಳು. ಕೊನೆಗೆ ಮಾದೇವಿಯ ಕಡೆ ತಿರುಗಿದಳು. ದನಿ ಒಂದಿಷ್ಟು ಇಳಿದಿತ್ತು.

"ನೀ ಏನಂತಿ, ಬಾಯಿ?"

ಮಾದೇವಿ ಹೊಸ್ತಿಲ ತನಕ ನಡೆದು ಬಂದಳು. ಮೂರು ದಿನ ನಿಲ್ಲದೆ ಓಡಾಡಿದ ಕಾಲುಗಳು ಅಲ್ಲಿಗೆ ಬಂದು ತಣ್ಣಗೆ ನಿಂತವು.

"ನನ್ನ ಕೇಳದ ನನಗ ಏನರ ಕೊಟ್ರ, ಇನ್ನೊಮ್ಮೆ ಇಷ್ಟೂ ಮಂದಿ ಮುಂದ ನಿಲ್ಲಸ್ತೇನ್ರಿ ನಿಮ್ಮನ್ನ."

"ಇಲ್ರಿ. ಕೇಳಿ ಕೊಡ್ತೇನಿ."

"ಹಂಗಾದ್ರ ನಾಳೆ ನಮ್ಮವ್ವನ ಕಡೆ ಬಂದು ಕೇಳ್ರಿ." ಅವಳ ಮುಖವೆಲ್ಲ ಕೆಂಪೇರಿತು. "ಖಾಲಿ ಕೈಲೆ ಬರ್ರಿ."

ಅಂದಾನೆಪ್ಪನಿಗೆ ಹೂಂ ಅನ್ನುವುದೂ ಮರೆತುಹೋಗಿತ್ತು. ಹಿಂದಿನ ಸಾಲಿನಿಂದ ಸುಗರಾಬಿಯೇ, "ಬರ್ತಾನ, ಬರ್ತಾನ," ಎಂದಳು.