ಮೂವತ್ತೆಂಟಲ್ಲ, ಎಂಬತ್ತಮೂರು

ಮೂರು ದಿನದಿಂದ ಒಬ್ಬ ಗಂಡಸು ಶಾಲೆಯ ಹಿಂದಿನ ತಗ್ಗಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಏಳನೇ ತರಗತಿಯ ಕಿಟಕಿಯನ್ನೇ ನೋಡುತ್ತಿದ್ದ. ಮೊದಲ ದಿನ ಭೂಗೋಳದ ಟೀಚರ್ ಹೋಗಲಿ ಎಂದು ಬಿಟ್ಟಳು. ಎರಡನೇ ದಿನ ಪರದೆ ಎಳೆದಳು. ಮೂರನೇ ದಿನ ನದಿಗಳ ಪಾಠವನ್ನು ಅರ್ಧಕ್ಕೇ ನಿಲ್ಲಿಸಿ, ಬೋರ್ಡಿನ ಮೇಲೆ ಗೆರೆ ಎಳೆಯುವ ಉದ್ದನೆಯ ಸ್ಕೇಲನ್ನು ಕೈಯಲ್ಲಿ ಹಿಡಿದು ಹೊರಟೇಬಿಟ್ಟಳು. ಇಡೀ ತರಗತಿ ಕಿಟಕಿಗೆ ಜೋತುಬಿತ್ತು.

"ಏನ್ರೀ, ಮೂರು ದಿನದಿಂದ ಯಾರನ್ನ ನೋಡ್ತಿದ್ದೀರಿ?"

ಅವನು ತಲೆಯೆತ್ತಿದ. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಗಲ್ಲದ ಮೇಲೆ ಒಣಗಿದ ಕೆಸರು, ತೊಡೆಯ ಮೇಲೊಂದು ಡ್ರಾಯಿಂಗ್ ಪ್ಯಾಡ್.

"ಪೈಪನ್ನ."

"ಯಾವ ಪೈಪು?"

"ನಿಮ್ಮ ಕಿಟಕಿ ಪಕ್ಕ ಇಳಿದಿದೆಯಲ್ಲ, ತಾರಸಿ ನೀರಿನದು. ಅಲ್ಲಿ ಬಿದ್ದ ನೀರು ಯಾವ ಕಡೆ ಹೋಗತ್ತೆ, ಎಲ್ಲಿ ನಿಲ್ಲತ್ತೆ, ಎಲ್ಲಿ ಇಂಗತ್ತೆ ಅಂತ ನೋಡ್ತಿದ್ದೆ. ನಾನು ಲ್ಯಾಂಡ್‌ಸ್ಕೇಪ್ ಡಿಸೈನರ್. ಹೆಡ್‌ಮಿಸ್ ಹೇಳಲಿಲ್ವಾ?"

ಅವಳ ಕಿವಿಗಳು ಬಿಸಿಯಾದವು. ಸ್ಕೇಲನ್ನು ಏನು ಮಾಡುವುದೆಂದು ತೋಚದೆ ಬೆನ್ನ ಹಿಂದೆ ಹಿಡಿದುಕೊಂಡಳು.

"ಆದ್ರೆ ಒಂದು ಮಾತು," ಎಂದ ಅವನು, ಪ್ಯಾಡಿನಿಂದ ಕಣ್ಣೆತ್ತದೆ. "ನಿನ್ನೆ ಪರದೆ ಎಳೆಯೋ ಮುಂಚೆ ಒಂದೇ ಪೀರಿಯಡ್‌ನಲ್ಲಿ ನೀವು ಆ ಕಿಟಕಿ ಮುಂದೆ ನಲವತ್ತೊಂದು ಸಲ ಓಡಾಡಿದ್ರಿ. ಕಾಲು ನೋಯಲ್ವಾ?"

"ಪೈಪು ನೋಡ್ತಿದ್ದೋರು ನನ್ನನ್ಯಾಕೆ ಎಣಿಸಿದ್ರಿ?"

ಈಗ ಕಿವಿ ಕೆಂಪಾಗುವ ಸರದಿ ಅವನದಾಯಿತು. ಕಿಟಕಿಯಲ್ಲಿ ಮಕ್ಕಳು ಹೋ ಎಂದು ನಕ್ಕರು.

ಓಡಾಡುವುದು ಅವಳ ಹುಟ್ಟುಗುಣ. ಮೂವತ್ತಮೂರು ವರ್ಷವಾದರೂ ಕುಳಿತಲ್ಲಿ ಕುಳಿತವಳಲ್ಲ. ಊಟವನ್ನೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮುಗಿಸುವಳು. "ಇವಳ ಅಂಗಾಲಲ್ಲಿ ಚಕ್ರ ಇಟ್ಟು ಕಳಿಸಿದಾನೆ ದೇವರು," ಎನ್ನುತ್ತಿದ್ದರು ಅತ್ತಿಗೆ. ಸದಾ ತಿರುಗುತ್ತಿರುವುದರಿಂದ ಮಕ್ಕಳು 'ಗ್ಲೋಬ್ ಮಿಸ್' ಎಂದು ಹೆಸರಿಟ್ಟಿದ್ದರು. ಹೊಸಬನಿಗೂ ಎರಡೇ ದಿನದಲ್ಲಿ ಒಂದು ಹೆಸರು ದಕ್ಕಿತು: 'ಕೆಸರು ಸರ್'.

ಶಾಲೆಯ ಹಿಂದಿನ ಆ ಅರ್ಧ ಎಕರೆಯ ವಿಷಯದಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ತಗ್ಗಿಗೆ ಮಣ್ಣು ತುಂಬಿಸಿ, ಮಟ್ಟ ಮಾಡಿ, ಸಿಮೆಂಟು ಹಲಗೆ ಹಾಸಿಬಿಡಬೇಕೆಂದು ಆಡಳಿತ ಕಮಿಟಿಯ ಅಧ್ಯಕ್ಷರು. ಮಕ್ಕಳು ಕಾಲಿಟ್ಟು ಕಲಿಯುವ ಜಾಗವಾಗಬೇಕೆಂದು ಹೆಡ್‌ಮಿಸ್. ಕೆಸರು ಸರ್ ಹೇಳಿದ್ದು ಮೂರನೆಯದು: "ನೀರು ಆಗಲೇ ಜಾಗ ಹುಡುಕ್ಕೊಂಡಿದೆ. ಅದನ್ನ ಎಬ್ಬಿಸೋದು ಬೇಡ. ತಗ್ಗನ್ನ ಕೊಳ ಮಾಡೋಣ, ತೆಗೆದ ಮಣ್ಣಲ್ಲಿ ದಿಬ್ಬ ಮಾಡೋಣ. ಇಲ್ಲೇ ಬೆಳೆಯೋ ಹುಲ್ಲು, ಇಲ್ಲೇ ಬೆಳೆಯೋ ಗಿಡ. ಮೊದಲು ನೆಲದ ಏರಿಳಿತ ಅಳೀಬೇಕು. ಅದನ್ನ ಮಕ್ಕಳೇ ಅಳೀಲಿ."

ಏರಿಳಿತ ಎಂದ ಮೇಲೆ ಭೂಗೋಳ. ಭೂಗೋಳ ಎಂದ ಮೇಲೆ ಅವಳು.

ಅಳತೆಗೆ ಅವನು ತಂದದ್ದು ಗಾರೆ ಕೆಲಸದವರ ಲೆವೆಲ್ ಪೈಪು, ನೀರು ತುಂಬಿದ ಉದ್ದನೆಯ ಪಾರದರ್ಶಕ ನಳಿಕೆ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ನಡುವೆ ಮೂವತ್ತು ಅಡಿ. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆಷ್ಟು ಸೆಂಟಿಮೀಟರ್ ಎಂದು ಅಳತೆಕೋಲಿನಲ್ಲಿ ಓದಬೇಕು. ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು.

"ಅಲ್ಲಾಡಿಸಬೇಡಿ ಟೀಚರ್, ನೀರು ನಿಲ್ಲಲಿ."

"ನಾನೆಲ್ಲಿ ಅಲ್ಲಾಡಿಸ್ತಿದ್ದೀನಿ?"

"ಹಾಗಾದ್ರೆ ಭೂಕಂಪ ಇರಬೇಕು."

ಮಕ್ಕಳು ಒಂದೇ ಎತ್ತರದ ಜಾಗಗಳನ್ನು ಸುಣ್ಣದ ಪುಡಿಯಿಂದ ಸೇರಿಸುತ್ತ ಹೋದರು. ನೆಲದ ಮೇಲೆ ಬಳುಕಿದ ಬಿಳಿ ಗೆರೆಗಳು ಮೂಡಿದವು. 'ಸಮೋನ್ನತ ರೇಖೆ' ಎಂಬ ಪದವನ್ನು ಅವಳು ಎಂಟು ವರ್ಷದಿಂದ ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸಿದ್ದಳು. ಎರಡು ಜಡೆಯ ಹುಡುಗಿಯೊಬ್ಬಳು ಗೆರೆಯ ಮೇಲೆ ನಡೆದು ಈ ತುದಿಯಿಂದ ಆ ತುದಿಗೆ ಬಂದು, "ಹತ್ತಲೂ ಇಲ್ಲ, ಇಳೀಲೂ ಇಲ್ಲ. ಇಷ್ಟೇನಾ ಮಿಸ್ ಇದು?" ಎಂದಳು. ಟೀಚರ್ ಕಣ್ಣು ತುಂಬಿತು. ಕೆಸರು ಸರ್ ಅದನ್ನು ನೋಡಿದ. ನೋಡಿಯೂ ನೋಡದವನಂತೆ ನಳಿಕೆ ಸುತ್ತತೊಡಗಿದ.

ಅಳತೆಯ ಕೊನೆಯ ದಿನ ಉಳಿದದ್ದು ಒಂದೇ ಮೂಲೆ, ಒಂದನೇ ತರಗತಿಯ ಕೋಣೆಯ ಹಿಂದೆ ಸೊಂಟದೆತ್ತರದ ಹುಲ್ಲು ಬೆಳೆದಿದ್ದ ಜಾಗ. ಅವಳು ಹುಲ್ಲಿನೊಳಗೆ ಕೋಲು ಊರಿ ನಿಂತಳು. ಆಚೆ ತುದಿಯಲ್ಲಿ ಅವನ ಬರಿಗಾಲಿನ ಮೇಲೆ ಒಂದು ಕಪ್ಪೆ ನೆಗೆದು ಕುಳಿತಿತು. ಕದಲಿದರೆ ನೀರು ಅಲ್ಲಾಡುತ್ತದೆ. ಕದಲದಿದ್ದರೆ ಕಪ್ಪೆ ಹೋಗದು. ಅವನು ನಿಂತಲ್ಲೇ ನಿಂತು, ಕಪ್ಪೆಗೆ ಮೆಲ್ಲಗೆ, "ಸ್ವಲ್ಪ ಇಳೀತೀರಾ, ಕೆಲಸ ಇದೆ," ಎಂದು ಬಹುವಚನದಲ್ಲಿ ಬೇಡಿಕೊಂಡ. ಆಮೇಲೆ ತಾನೇ ತಲೆ ಹಿಂದಕ್ಕೆ ಚೆಲ್ಲಿ ನಕ್ಕ.

ಅವಳು ಆ ನಗುವನ್ನು ನೋಡುತ್ತ ನಿಂತುಬಿಟ್ಟಳು.

"ಎಷ್ಟು ಟೀಚರ್?"

"ಮೂವತ್ತೆಂಟು," ಎಂದಳು. ಹಾಳೆಯಲ್ಲೂ ಅದನ್ನೇ ಬರೆದಳು.

ಆಮೇಲಿನ ಮೂರು ವಾರ ಅಗೆತ. ವರಾಂಡಕ್ಕೆ ಬರಲು ಅವಳಿಗೆ ಕಾರಣಗಳ ಬರವಿರಲಿಲ್ಲ. ಸೀಮೆಸುಣ್ಣ ತರುವ ನೆಪ, ಗಂಟೆ ಹೊಡೆಯಿತೇ ಎಂದು ನೋಡುವ ನೆಪ, ಏನೂ ಇಲ್ಲದಿದ್ದರೆ ಗಾಳಿಯ ನೆಪ. ಅವನು ಕೆಲಸದವರಿಗೆ ಏನೋ ಹೇಳುತ್ತಿರುವಾಗಲೇ ಮಾತು ಮರೆತು ವರಾಂಡದತ್ತ ನೋಡುತ್ತಿದ್ದ. ಕಣ್ಣು ಕೂಡಿದರೆ ಇಬ್ಬರೂ ಆಕಾಶ ನೋಡುತ್ತಿದ್ದರು. "ಮೋಡ ಇಲ್ಲ ಅಲ್ವಾ?" "ಇಲ್ಲ ಇಲ್ಲ."

ಮೋಡ ಬಂತು. ಒಂದು ಮಧ್ಯಾಹ್ನ ಒಂದೂವರೆ ಗಂಟೆ ಬಿಡದೆ ಸುರಿಯಿತು. ಅರ್ಧ ತೋಡಿದ ಕೊಳ ತುಂಬಿ, ನೀರು ಅವನು ಬಿಟ್ಟಿದ್ದ ಕೋಡಿಯ ಕಡೆ ಹೋಗದೆ, ಹುಲ್ಲಿನ ಮೂಲೆಯಿಂದ ನುಗ್ಗಿ ಒಂದನೇ ತರಗತಿಯೊಳಗೆ ಹೊಕ್ಕಿತು. ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಒಬ್ಬೊಬ್ಬರನ್ನಾಗಿ ಎತ್ತಿ ಹೊರಗೆ ತಂದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಪುಸ್ತಕಗಳು ನೆನೆದು ಮುದ್ದೆಯಾದವು, ಒಂದು ಮಗು ಸಂಜೆಯವರೆಗೂ ಬಿಕ್ಕಿತು.

ಮರುದಿನ ಅಧ್ಯಕ್ಷರು ಕೊಳದ ದಂಡೆಯಲ್ಲಿ ನಿಂತು ಗುಡುಗಿದರು. "ನೀರಿನ ಮನಸ್ಸು ಗೊತ್ತು ಅಂದ್ರಲ್ಲ, ಇದೇನಾ? ಶುಕ್ರವಾರ ಮೀಟಿಂಗು. ಅಲ್ಲಿವರೆಗೆ ಒಂದು ಗುದ್ದಲಿ ಏಳಕೂಡದು."

ಕೆಸರು ಸರ್, "ತಪ್ಪಾಗಿದೆ ಸರ್. ಸರಿ ಮಾಡ್ತೀನಿ," ಎಂದಷ್ಟೇ ಹೇಳಿದ.

ಅವಳು ಎಲ್ಲರೂ ಹೋದ ಮೇಲೆ ಕೋಲು ಹಿಡಿದು ಆ ಮೂಲೆಗೆ ಹೋದಳು. ಹುಲ್ಲು ಮಲಗಿತ್ತು. ಈಗ ಬರಿಗಣ್ಣಿಗೂ ಕಾಣುತ್ತಿತ್ತು: ನೆಲ ಅಲ್ಲಿ ಬಟ್ಟಲಿನಂತೆ ಕುಸಿದಿದೆ. ಸ್ಟಾಫ್ ರೂಮಿಗೆ ಬಂದು ಹಾಳೆ ತೆಗೆದಳು. ಅವಳದೇ ಅಕ್ಷರ. ಮೂವತ್ತೆಂಟು. ಅಂಕಿಗಳು ಅದಲುಬದಲಾಗಿದ್ದವು, ಅದು ಎಂಬತ್ತಮೂರು ಆಗಬೇಕಿತ್ತು. ಮೊಣಕಾಲೆತ್ತರದ ತಗ್ಗನ್ನು ಎತ್ತರವೆಂದು ಬರೆದಿದ್ದಳು. ಅವನು ಅದನ್ನು ನಂಬಿ ಅಲ್ಲಿ ನೀರು ತಡೆಯುವ ಮಣ್ಣಿನ ಏರಿ ಹಾಕಿಸಿರಲಿಲ್ಲ.

ಹೇಳಬೇಕು ಎಂದುಕೊಂಡಳು. ಮಂಗಳವಾರ ಹೆಡ್‌ಮಿಸ್ ಕೋಣೆಯ ಬಾಗಿಲವರೆಗೆ ಹೋಗಿ ಬಂದಳು. ಬುಧವಾರ ಎರಡು ಸಲ ಹೋಗಿ ಬಂದಳು. ಯಾರಾದರೂ "ಟೀಚರ್" ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಬೆಚ್ಚುವಳು. ಹೇಳಿದರೆ, ಹೇಗೆ ತಪ್ಪಿತು ಎಂದು ಕೇಳುತ್ತಾರೆ. ಅದಕ್ಕೇನು ಹೇಳುವುದು?

ಗುರುವಾರ ಏಳನೇ ತರಗತಿಯವರಿಗೆ ಶಾಲೆಯ ಹಿತ್ತಲಿನ ನಕ್ಷೆ ಬರೆಯುವ ಕೆಲಸ ಕೊಟ್ಟಿದ್ದಳು. ಎರಡು ಜಡೆಯ ಹುಡುಗಿ ಪುಸ್ತಕ ಹಿಡಿದು ಬಂದಳು.

"ಮಿಸ್, ನಾವು ಆ ಮೂಲೆ ಇನ್ನೊಂದು ಸಲ ಅಳೆದ್ವಿ. ಎಂಬತ್ತಮೂರು ಬಂತು. ನಿಮ್ಮ ಹಾಳೇಲಿ ಮೂವತ್ತೆಂಟು ಇದೆ."

ಅವಳು ಪುಸ್ತಕಕ್ಕೆ ಕೈ ಚಾಚಿದಳು. "ಹೌದಾ..."

"ಅದಕ್ಕೇ ನಮ್ದು ಅಳಿಸಿಬಿಟ್ವಿ ಮಿಸ್. ನಮ್ದೇ ತಪ್ಪಿರಬೇಕು."

ಪುಸ್ತಕದಲ್ಲಿ ರಬ್ಬರು ಉಜ್ಜಿ ಒರಟಾದ ಜಾಗದ ಮೇಲೆ ಮೂವತ್ತೆಂಟು ಎಂದು ದುಂಡಗೆ ಬರೆದಿತ್ತು. ಅವಳು ಆ ಜಾಗವನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಹುಡುಗಿಯ ಪೆನ್ಸಿಲನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ, ಎಂಬತ್ತಮೂರು ಎಂದು ಬರೆದಳು.

"ನೀವೇ ಸರಿ. ತಪ್ಪು ನಂದು," ಎಂದಳು.

ಶುಕ್ರವಾರದ ಮೀಟಿಂಗಿನಲ್ಲಿ ಅಧ್ಯಕ್ಷರು ಬಾಯಿ ತೆರೆಯುವ ಮುಂಚೆಯೇ ಎದ್ದು ನಿಂತಳು. ಹಾಳೆಯನ್ನೂ ಮಕ್ಕಳ ಪುಸ್ತಕವನ್ನೂ ಮೇಜಿನ ಮೇಲಿಟ್ಟಳು. "ಈ ಅಂಕಿ ಬರೆದಿದ್ದು ನಾನು. ನೀರು ನುಗ್ಗಿದ್ದು ನನ್ನಿಂದ. ಇವರ ಪ್ಲಾನಿನಲ್ಲಿ ದೋಷ ಇಲ್ಲ. ಆ ಮೂಲೆಗೆ ಏರಿ ಹಾಕಿದ್ರೆ ನೀರು ಕೋಡಿ ಕಡೇನೇ ಹೋಗತ್ತೆ. ಇದನ್ನ ಕಂಡುಹಿಡಿದಿದ್ದು ಏಳನೇ ತರಗತಿ ಮಕ್ಕಳು, ಆ ಹಿತ್ತಲಲ್ಲೇ ನಿಂತು. ಸಿಮೆಂಟು ಹಲಗೆ ಹಾಸಿಬಿಟ್ರೆ ಅವರು ಅಳೆಯೋಕೆ ಏನಿರತ್ತೆ ಸರ್?"

ಹೆಡ್‌ಮಿಸ್ ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು. "ಇಂಥ ತಪ್ಪು ನಿಮ್ಮಿಂದ ಹೇಗಮ್ಮ ಆಯ್ತು?"

ಅವಳು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. "ಗಮನ ಬೇರೆ ಕಡೆ ಇತ್ತು," ಎಂದಳು.

ಅಧ್ಯಕ್ಷರು ಪುಸ್ತಕವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಕಡೆಗೆ, "ಏರಿ ಹಾಕಿಸಿ," ಎಂದರು. "ಇನ್ನೊಂದು ಮಳೆ ನೋಡ್ತೀನಿ. ಅದರಲ್ಲೂ ನೀರು ಒಳಗೆ ಬಂತೋ, ಹಲಗೆಯೇ." ಆಮೇಲೆ ಅವಳತ್ತ ತಿರುಗಿ, "ಒಂದನೇ ತರಗತಿ ಮಕ್ಕಳ ಹತ್ರ ನೀವೇ ಹೋಗಿ ತಪ್ಪಾಯ್ತು ಅಂತ ಹೇಳಿ ಟೀಚರ್," ಎಂದರು. ಅವಳು ತಲೆಯಾಡಿಸಿದಳು.

ಕೆಸರು ಸರ್ ಕಾರಿಡಾರಿನಲ್ಲಿ ಅವಳನ್ನು ಹಿಂಬಾಲಿಸಿ ಬಂದ. "ಟೀಚರ್, ನಿಲ್ಲಿ. ನೀವು ಹೇಳಬೇಕಾಗಿರಲಿಲ್ಲ."

ಅವಳು ಸರ್ರನೆ ತಿರುಗಿದಳು. "ಅಂದ್ರೆ? ನಿಮಗೆ ಗೊತ್ತಿತ್ತಾ?"

"ಮಳೆ ಬಂದ ಮರುದಿನ ಬೆಳಿಗ್ಗೇನೇ ಅಳೆದು ನೋಡ್ದೆ."

"ಗೊತ್ತಿದ್ದೂ ಸುಮ್ಮನೆ ಬೈಸ್ಕೊಂಡ್ರಾ?"

"ನಂದೇ ತಪ್ಪು. ಬೇರೆಯವರು ಓದಿದ ಅಂಕೀನ ನಾನು ಇನ್ನೊಂದು ಸಲ ನೋಡ್ತೀನಿ, ಯಾವಾಗ್ಲೂ. ಅವತ್ತು ನೋಡಲಿಲ್ಲ. ಮತ್ತೆ... ನಿಮ್ಮ ಹೆಸರು ಬರೋದು ಬೇಡ ಅನ್ನಿಸ್ತು."

"ನನ್ನನ್ನ ಕಾಪಾಡಿ ಅಂತ ಯಾರ್ರೀ ಕೇಳಿದ್ದು ನಿಮ್ಮನ್ನ?" ಅವಳು ಕೇಳಿದಳು. "ಆ ಹುಡುಗಿ ಸರಿಯಾದ ಉತ್ತರ ಅಳಿಸಿ, ನನ್ನ ತಪ್ಪನ್ನ ದುಂಡಗೆ ಬರ್ಕೊಂಡಿದ್ಲು. ನಾನೂ ಸುಮ್ಮನಿದ್ದೆ, ನೀವೂ ಸುಮ್ಮನಿದ್ರಿ. ಇಬ್ಬರೂ ಸೇರಿ ಏನು ಕಲಿಸಿದ ಹಾಗಾಯ್ತು?"

ಅವನು ತಲೆ ತಗ್ಗಿಸಿದ. "ಇಷ್ಟು ದೂರ ನಾನು ಯೋಚಿಸಲಿಲ್ಲ," ಎಂದ. ಮೊದಲ ಸಲ ಅವನ ಮಾತಿನಲ್ಲಿ ಹಾಸ್ಯವಿರಲಿಲ್ಲ. ಆಮೇಲೆ ತಲೆಯೆತ್ತಿ ಕೇಳಿದ. "ಗಮನ ಎಲ್ಲಿತ್ತು?"

ಕಾರಿಡಾರಿನ ಎರಡೂ ಕಡೆ ತರಗತಿಗಳು. ಒಂದರಲ್ಲಿ ಮಗ್ಗಿ, ಇನ್ನೊಂದರಲ್ಲಿ ಹಾಡು. ಓಡಿಹೋಗಲು ಬೇಕಾದಷ್ಟು ಜಾಗವಿತ್ತು. ಅವಳು ಓಡಲಿಲ್ಲ.

"ಒಂದು ಕಪ್ಪೆಗೆ ಮರ್ಯಾದೆ ಕೊಟ್ಟು ಮಾತಾಡ್ತಿದ್ದರಲ್ಲ ಒಬ್ಬರು," ಎಂದಳು. "ಅವರ ಮೇಲಿತ್ತು. ಇನ್ನೂ ಇದೆ. ಬೋರ್ಡಿನ ಮೇಲೆ ಬರೆಯುವಾಗ್ಲೂ ಇದೆ, ಬಸ್ಸಲ್ಲಿ ನಿಂತಾಗ್ಲೂ ಇದೆ. ನನಗೆ ಸಾಕಾಗಿದೆ. ಹೇಳಿಬಿಟ್ಟೆ."

ಅವನು ಗಲ್ಲ ಒರೆಸಿಕೊಂಡ, ಇದ್ದ ಕೆಸರು ಇನ್ನಷ್ಟು ಹರಡಿತು. "ನಾನು ಮೂರು ತಿಂಗಳಿಗೊಂದು ಊರಲ್ಲಿ ಇರೋನು," ಎಂದ. "ಕೆಲಸ ಮುಗಿದ ದಿನವೇ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಡ್ತೀನಿ. ಈ ಸಲ ಮುಗಿಯೋದು ಬೇಡ ಅಂತ ಒಂದೇ ಗುಂಡೀನ ಎರಡು ಸಲ ತೋಡಿಸಿದ್ದೀನಿ. ಕೆಲಸದವರು ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದಾರೆ."

"ಕೆಟ್ಟಿದೆಯಾ?"

"ಪೂರ್ತಿ."

ಅವಳು ನಕ್ಕಳು, ಒಂದು ವಾರದಲ್ಲಿ ಮೊದಲ ಸಲ. "ಭಾನುವಾರ ಮನೆಗೆ ಬನ್ನಿ. ಅತ್ತಿಗೆಗೆ ನಿಮ್ಮನ್ನ ನೋಡಬೇಕಂತೆ."

"ನನ್ನ ವಿಷಯ ಹೇಳಿದ್ದೀರಾ ಅವರಿಗೆ?"

"ಇಲ್ಲಪ್ಪ. ಮೂರು ವಾರದಿಂದ ಸಾರಿಗೆ ಒಂದು ದಿನ ಎರಡು ಸಲ ಉಪ್ಪು ಹಾಕ್ತಿದ್ದೀನಿ, ಒಂದು ದಿನ ಹಾಕೋದೇ ಇಲ್ಲ. ಅವರೇ ಅರ್ಥ ಮಾಡ್ಕೊಂಡ್ರು."

ಶನಿವಾರ ಏರಿ ಹಾಕಿಸಿದ. ಭಾನುವಾರ ಬೆಳಿಗ್ಗೆ ಮಳೆ ಶುರುವಾಯಿತು. ಅವನು ಬಂದದ್ದು ಹೇಳಿದ ಸಮಯಕ್ಕೆ ಒಂದು ಗಂಟೆ ತಡವಾಗಿ, ತೊಯ್ದು ತೊಪ್ಪೆಯಾಗಿ. ಬಾಗಿಲಲ್ಲೇ ನಿಂತು, ನಮಸ್ಕಾರವನ್ನೂ ಮರೆತು, "ನೀರು ಕೋಡಿ ಕಡೆ ಹೋಯ್ತು. ನೋಡ್ಕೊಂಡು ಬಂದೆ. ಒಂದನೇ ತರಗತಿ ನೆಲ ಒಣಗೇ ಇದೆ," ಎಂದ. ಅಣ್ಣ ಅವನ ತಲೆಗೆ ಟವೆಲ್ ಕೊಟ್ಟ. ಅತ್ತಿಗೆ ಕಾಫಿ ಕೊಟ್ಟು ಎದುರಿಗೆ ಕುಳಿತರು.

ಅತ್ತಿಗೆಯದು ಸುತ್ತಿ ಬಳಸುವ ಸ್ವಭಾವವಲ್ಲ. "ನೋಡಿ, ಇವಳ ಮನಸ್ಸು ನಮಗೆ ಗೊತ್ತಾಗಿದೆ. ನಿಮ್ಮದು ಮುಖದ ಮೇಲೇ ಬರೆದಿದೆ. ಮದುವೆ ಯಾವಾಗ ಇಟ್ಕೊಳ್ಳೋಣ?"

ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಗಂಭೀರವಾಗಿ ಯೋಚಿಸಿದ. "ದಿಬ್ಬದ ಮೇಲಿನ ಗಿಡ ಬೇರು ಹಿಡೀಬೇಕು. ಅಮ್ಮನ ಹತ್ರ ಮಾತಾಡಬೇಕು. ಇದೇ ಊರಲ್ಲಿ ಒಂದು ಮನೆ ಹುಡುಕಬೇಕು... ಆರು ತಿಂಗಳು ಅಂತಿಟ್ಕೊಳ್ಳಿ."

"ಆರು ತಿಂಗಳಾ?"

ದನಿ ಅಡುಗೆಮನೆಯ ಬಾಗಿಲಿನಿಂದ ಬಂದಿತ್ತು. ಮೂವರೂ ತಿರುಗಿ ನೋಡಿದರು. ಅಣ್ಣನಿಗೆ ಕಾಫಿ ನೆತ್ತಿಗೇರಿತು. ಅತ್ತಿಗೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅವಳು ಮಾತ್ರ ತಲೆ ತಗ್ಗಿಸಲಿಲ್ಲ. ಅವನನ್ನೇ ನೇರವಾಗಿ ನೋಡುತ್ತ, "ಜಾಸ್ತಿ ಆಯ್ತು," ಎಂದಳು.